ಶಂಕುಸ್ಥಾಪನೆಯ ಕಂತು

ಮೂವತ್ತು ವರ್ಷ ಹಳೆಯ ಹಾಸ್ಯ ಧಾರಾವಾಹಿಯೊಂದನ್ನು ಟಿವಿಯವರು ಮರುಪ್ರಸಾರ ಮಾಡತೊಡಗಿದ್ದರು. ಒಂದೇ ಸೇತುವೆಗೆ ಮೂರು ಸಲ ಶಂಕುಸ್ಥಾಪನೆ ಮಾಡುವ ಮಂತ್ರಿಯ ಕಂತು ಬಂದ ಮರುದಿನ ಬೆಳಿಗ್ಗೆಯೇ, ಅದನ್ನು ಬರೆದ ಚಿದಂಬರಯ್ಯನವರ ಮನೆ ಮುಂದೆ ಸರ್ಕಾರಿ ಕಾರು ನಿಂತಿತು. ಇಳಿದವರು ಈಗಿನ ಮಂತ್ರಿಯೊಬ್ಬರ ಆಪ್ತ ಕಾರ್ಯದರ್ಶಿ.

ಚಿದಂಬರಯ್ಯನವರಿಗೆ ಒಳಗೊಳಗೇ ಖುಷಿ. ತಮ್ಮ ಹಾಸ್ಯಕ್ಕೆ ಇನ್ನೂ ಮೊನಚಿದೆ! ಜೈಲಿಗೆ ಹೋಗಬೇಕಾಗಿ ಬಂದರೆ ಇರಲಿ ಎಂದು ಎರಡು ಪಂಚೆ, ಬಿಪಿ ಮಾತ್ರೆ ಚೀಲಕ್ಕೆ ತುರುಕಿಕೊಂಡೇ ಹೊರಗೆ ಬಂದರು.

“ಸಾಹೇಬ್ರು ಆ ಕಂತನ್ನ ಎರಡೆರಡು ಸಲ ನೋಡಿದ್ರು ಸಾರ್,” ಎಂದರು ಕಾರ್ಯದರ್ಶಿ.

“ನೋಡ್ಲಿ. ನಾನಂತೂ ಕ್ಷಮೆ ಕೇಳಲ್ಲ.”

“ಕ್ಷಮೆ ಯಾಕೆ ಸಾರ್?”

“ಒಂದು ಮಾತು ಕತ್ತರಿಸೋಕೂ ಬಿಡಲ್ಲ. ಮಂತ್ರಿಯ ಆ ಭಾಷಣ ಬರೆಯೋಕೆ ನಂಗೆ ಹದಿನೈದು ದಿನ ಹಿಡೀತು, ಗೊತ್ತಾ?”

“ಅಯ್ಯೋ, ಕತ್ತರಿಸಿ ಅಂದೋರ್ಯಾರು? ಅದ್ಭುತವಾಗಿದೆ!”

ಚಿದಂಬರಯ್ಯನವರು ಚೀಲವನ್ನು ಮೆಲ್ಲಗೆ ಕೆಳಗಿಟ್ಟರು. “ಮತ್ತೆ ನೀವು ಬಂದಿದ್ದು ಯಾಕೆ?”

ಕಾರ್ಯದರ್ಶಿ ಜೇಬಿನಿಂದ ಪೆನ್ನು ತೆಗೆದರು.

“ನಮ್ಮದೊಂದು ಸೇತುವೆಗೆ ನಾಳೆ ನಾಲ್ಕನೇ ಶಂಕುಸ್ಥಾಪನೆ ಇದೆ ಸಾರ್. ಟಿವಿ ನೋಡ್ಕೊಂಡು ಆ ಭಾಷಣ ಬರ್ಕೊಳ್ಳೋಣ ಅಂದ್ರೆ, ಹಿಂದೆ ಹಾಕಿರೋ ನಗುವಿನ ಗದ್ದಲದಲ್ಲಿ ಮಾತೇ ಸರಿಯಾಗಿ ಕೇಳಿಸ್ತಿಲ್ಲ.”