ಬಾಳಪ್ಪನ ಮೊದಲ ರೆಕಾರ್ಡು

ಪಿಯಾನೋದ ಒಂದು ಸ್ವರ ಕರಗಿ ಇನ್ನೊಂದು ಹುಟ್ಟುವ ಮೊದಲೇ ಇಮಾಮಹುಸೇನ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿಬಿಟ್ಟ. ಮುನವಳ್ಳಿಯ ಮದುವೆಗಳಿಗೆಲ್ಲ ಮೈಕ್‌ಸೆಟ್ ಬಾಡಿಗೆ ಕೊಡುವವನು ಅವನೇ; ಎಲ್ಲರೂ ಸೇರಿದ್ದು ಅವನ ಅಂಗಡಿಯ ಮುಂದೆ.

'ನಿನ್ನ ಪ್ಲೇಟ ಕೆಟ್ಟೈತಿ ನೋಡಪಾ ಬಾಳಪ್ಪ. ನಡುನಡುವ ದನೀನ ಬರವಲ್ದು.'

'ಕೆಟ್ಟಿಲ್ಲ ಕಾಕಾ. ಅಲ್ಲಿ ಸುಮ್ಮನಿರೂದನ್ನೂ ನಾನ ಇಟ್ಟೇನಿ.'

ಮುಂಬಯಿಯ ಪಿಯಾನೋ ರಿಪೇರಿ ಅಂಗಡಿಯಲ್ಲಿ ಏಳು ವರ್ಷ ದುಡಿದು, ಬಿಡುವಿನಲ್ಲಿ ಅವೇ ಪಿಯಾನೋಗಳ ಮೇಲೆ ನುಡಿಸಲು ಕಲಿತು, ಬಾಳಪ್ಪ ತಾನೇ ಕಟ್ಟಿದ ಆರು ರಚನೆಗಳ ರೆಕಾರ್ಡು ಅದು. ಬಾಳಪ್ಪನೇ ಮುಳ್ಳನ್ನು ಮತ್ತೆ ಇಳಿಸಿದ. ಕೇಳಲು ಬಂದಿದ್ದ ಓಣಿಯವರು, 'ಹಾಡು ಯಾವಾಗ ಸುರು ಅಕ್ಕೈತೋ?' ಎಂದು ಕೇಳಿ, ಸ್ವಲ್ಪ ಹೊತ್ತು ಕಾದು, ಒಬ್ಬೊಬ್ಬರೇ ಎದ್ದು ಹೋದರು. ಇಮಾಮಹುಸೇನನೂ ವೈರು ಸುತ್ತಿಡಲು ಒಳಗೆ ನಡೆದ. ಬಾಳಪ್ಪ ತಲೆ ಎತ್ತಲಿಲ್ಲ.

ಕೊನೆಯ ಸ್ವರ ನಿಂತಾಗ ಉಳಿದಿದ್ದವಳು ಅವನ ಅವ್ವ ಕಾಡವ್ವ ಒಬ್ಬಳೇ. ಅಂಗಡಿಯ ಬಾಗಿಲಿಗೆ ಆತು ಕುಳಿತವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

'ಕಾಗದದಾಗ ಬರೇ ಆರಾಮ ಅದೇನಿ ಅಂತ ಬರೀತಿದ್ದಿ. ಏಳು ವರ್ಷ ಇಷ್ಟ ಒಬ್ಬನ ಇದ್ದಿಯೇನೋ ಯಪ್ಪಾ?'

ಬಾಳಪ್ಪ ಅವಳ ಪಕ್ಕದಲ್ಲಿ ಬಂದು ಕುಳಿತ.

'ಹೌದಬೇ,' ಎಂದ.