ಅಜ್ಜನ ಕ್ಷೇಮಸಮಾಚಾರ

ಪರದೆಯ ಮೇಲೆ ಅಜ್ಜನ ಹೆಸರಿನ ಮುಂದೆ ಕೆಂಪು ದೀಪ ಹತ್ತಿತು. ಅಜ್ಜ ಎಂದರೆ ಆ ಬಸ್ ಟಿಕೆಟ್ ಕಂಪನಿಯ ಅತಿ ಹಳೆಯ ಸರ್ವರ್. "ಹೋದ ನೋಡಮ್ಮ ನಿನ್ನಜ್ಜ!" ಎಂದರು ಹಿಂದೆ ನಿಂತಿದ್ದ ಮ್ಯಾನೇಜರ್, ಸಂತಾಪಕ್ಕಿಂತ ಸಂತೋಷವೇ ಹೆಚ್ಚಿದ್ದ ದನಿಯಲ್ಲಿ. "ಅವನನ್ನ ಕಿತ್ತಾಕು. ಅವನು ಮಾಡ್ತಿದ್ದ ಕೆಲ್ಸಾನೆಲ್ಲ ಹೊಸ ಸರ್ವರಿಗೆ ಬರ್ದುಕೊಡು. ನಿನ್ ರಜೆ ಆಮೇಲೆ ನೋಡೋಣ."

ಇಂಜಿನಿಯರಮ್ಮ ಕೀಲಿಮಣೆಯನ್ನು ಹತ್ತಿರಕ್ಕೆಳೆದುಕೊಂಡಳು. ನಾಳೆಯಿಂದ ರಜೆ, ತಂಗಿಯ ಕೂಸಿನ ಮುಖವನ್ನು ಅವಳಿನ್ನೂ ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರಿಗೆ ಅವಳು ಈಗಷ್ಟೇ ಅವುಗಳೊಡನೆ ಮಾತಾಡುವ ಹೊಸ ಭಾಷೆ, ಅಂದರೆ ಹೊಸ ಪ್ರೋಟೋಕಾಲ್, ಕಲಿಸಿದ್ದಳು. ಅಜ್ಜನಿಗೆ ಆ ಭಾಷೆ ಬಾರದು, ಅವನಿಗೆ ಮಾತ್ರ ಹಳೆಯದರಲ್ಲೇ ಕೆಲಸ ಹೇಳು ಎಂದು ತಾಕೀತನ್ನೂ ಮಾಡಿದ್ದಳು. ಮತ್ತೇಕೆ ಕೆಂಪು? ಬರೆದದ್ದನ್ನು ಮೇಲಿಂದ ಓದುತ್ತ ಬಂದವಳು ಹಣೆ ಚಚ್ಚಿಕೊಂಡಳು. ಕೆಲಸವನ್ನೇನೋ ಲೋಡ್ ಬ್ಯಾಲೆನ್ಸರ್ ಹಳೆಯ ಭಾಷೆಯಲ್ಲೇ ಹೇಳುತ್ತಿತ್ತು, ಆದರೆ ಆಗಾಗ "ಚೆನ್ನಾಗಿದ್ದೀಯಾ?" ಎಂದು ವಿಚಾರಿಸುವುದು ಮಾತ್ರ ಹೊಸ ಭಾಷೆಯಲ್ಲಿ. ಉತ್ತರ ಬಾರದ್ದಕ್ಕೆ, ಗುಂಡುಕಲ್ಲಿನಂತಿದ್ದ ಅಜ್ಜನನ್ನು ಸತ್ತವರ ಸಾಲಿಗೆ ಸೇರಿಸಿಬಿಟ್ಟಿತ್ತು.

"ಕ್ಷೇಮಸಮಾಚಾರಾನೂ ಅವನ ಭಾಷೇಲೇ ಕೇಳ್ಬೇಕಿತ್ತು, ಸರ್," ಎಂದು ಒಂದು ಸಾಲು ತಿದ್ದಿದಳು. ಅಜ್ಜ ಹಸಿರಾದ. "ಗಟ್ಟಿ ಜೀವ ಬಿಡು," ಎಂದು ಮ್ಯಾನೇಜರ್ ಒಲ್ಲದ ಮನಸ್ಸಿನಿಂದಲೇ ನಕ್ಕರು. "ಹೋಗಿ ಬಾ."

ಅವಳು ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದಳು. ತಂಗಿ ಫೋನನ್ನು ಕೂಸಿನ ಕಿವಿಗೆ ಹಿಡಿದಳು. "ಉಂಗೂ... ಉಂಗುಂಗೂ..." ಎಂದಳು ಇವಳು, ಇಡೀ ಆಫೀಸು ತಿರುಗಿ ನೋಡುವಂತೆ.

"ಇದ್ಯಾವ ಪ್ರೋಟೋಕಾಲಮ್ಮ?" ಎಂದರು ಮ್ಯಾನೇಜರ್.

ಅವಳು ತಡೆಯಿರಿ ಎಂಬಂತೆ ಕೈಯೆತ್ತಿದಳು. ಫೋನಿನೊಳಗಿಂದ ತೆಳ್ಳಗೆ ಒಂದು "ಉಂಗೂ" ಬಂತು.

"ಹಸಿರು, ಸರ್," ಎಂದಳು.