ಹೆಸರು ಕೆತ್ತಿದ ಡಬ್ಬಿ

ಮನೆ ರಿಪೇರಿ ಮುಗಿಯುವವರೆಗೆ ಸಾಮಾನೆಲ್ಲ ಬಾಡಿಗೆ ಗೋದಾಮು ಸೇರಬೇಕಿತ್ತು. ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಕೊಡುತ್ತೇನೆಂದು ಪಕ್ಕದ ಮನೆಯ ಸುಗಂಧಮ್ಮ ತಾವಾಗಿಯೇ ಬಂದು ನಿಂತಾಗ ವಾರಿಜಾ ತಟ್ಟನೆ ಅಡುಗೆಮನೆಯ ಅಟ್ಟದ ಕಡೆ ನೋಡಿದಳು. ಅಟ್ಟದ ಮೇಲೆ ಸುಗಂಧಮ್ಮನ ಹೆಸರು ಕೆತ್ತಿದ ಸ್ಟೀಲ್ ಡಬ್ಬಿ ಇತ್ತು. ನಾಲ್ಕು ವರ್ಷದ ಹಿಂದೆ ಚಕ್ಕುಲಿ ತುಂಬಿಕೊಂಡು ಬಂದದ್ದು. ಖಾಲಿ ಡಬ್ಬಿ ಕೊಡಬಾರದು, ಏನಾದರೂ ಮಾಡಿ ತುಂಬಿ ಕೊಡೋಣವೆಂದು ಇಟ್ಟದ್ದು ಹಾಗೇ ಉಳಿದಿತ್ತು. ಸಾಲದ್ದಕ್ಕೆ, ಹೋದ ವರ್ಷ ಅವರು ಕೇಳಿದಾಗ "ನಮ್ಮಲ್ಲಿಲ್ಲಕ್ಕಾ" ಎಂದುಬಿಟ್ಟಿದ್ದಳು.

"ನೀನು ಹೋಗಿ ಬಟ್ಟೆ ಗಂಟು ಕಟ್ಟೇ. ಅಡುಗೆಮನೆಗೆ ನಾನೊಬ್ಬಳೇ ಸಾಕು."

"ಬೇಡಕ್ಕಾ, ನಿಮಗ್ಯಾಕೆ ತೊಂದರೆ?"

"ಹೋಗು ಅಂದ್ರೆ ಹೋಗು!"

ಡಬ್ಬಿ ಹುಡುಕುವುದಕ್ಕೇ ಬಂದಿದ್ದಾರೆ, ಅನುಮಾನವೇ ಇಲ್ಲ ಎಂದುಕೊಂಡಳು ವಾರಿಜಾ. ನಡುನಡುವೆ ಸುಗಂಧಮ್ಮ "ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಮನೆಗೆ ಓಡಿಹೋಗಿ ಬರುತ್ತಿದ್ದರು. ಗಂಡನಿಗೆ ವರದಿ ಒಪ್ಪಿಸುತ್ತಿರಬೇಕು! ಎರಡು ಸಲ ಬಾಗಿಲಲ್ಲಿ ಇಣುಕಿದಳು. ಎರಡು ಸಲವೂ ಅವರು ಬೆಚ್ಚಿ ತಿರುಗಿದರು. ಮೂರನೇ ಸಲಕ್ಕೆ ತಡೆಯಲಾಗಲಿಲ್ಲ. ಸ್ಟೂಲು ಹತ್ತಿ, ಡಬ್ಬಿ ಇಳಿಸಿ ಅವರ ಮುಂದಿಟ್ಟಳು.

"ತಪ್ಪಾಯ್ತಕ್ಕಾ. ಅವತ್ತು ಸುಳ್ಳು ಹೇಳಿದೆ. ಬೈದುಬಿಡಿ."

ಸುಗಂಧಮ್ಮ ಡಬ್ಬಿ ನೋಡಿದರು. ಉಸ್ಸಪ್ಪಾ ಎಂದು ನೆಲದ ಮೇಲೆ ಕೂತೇಬಿಟ್ಟರು.

"ಇದನ್ನ ಬೆಳಿಗ್ಗೆನೇ ಹೇಳಬಾರದಿತ್ತೇನೇ? ನಮ್ಮನೇಲೇ ಉಳಿದುಬಿಟ್ಟಿದ್ದ ನಿಮ್ಮನೆ ಪಾತ್ರೆಗಳನ್ನ ಒಂದೊಂದಾಗಿ ಸೆರಗಿನಡಿ ತಂದು ಪೆಟ್ಟಿಗೆಗೆ ಸೇರಿಸಿ ನನ್ನ ಸೊಂಟ ಬಿದ್ದುಹೋಯ್ತು. ಇನ್ನು ಕುಕ್ಕರ್ ಒಂದೇ ಬಾಕಿ, ನೀನೇ ಬಂದು ಎತ್ತಿಕೊಂಡು ಹೋಗು."